ಹಟ್ಟಿಯ ಬಂಗಾರ ಹಳದಿಯಾಗಿರುವುದಕ್ಕೆ ಐನ್‌ಸ್ಟೈನ್ ಕಾರಣವೇ?

ಲಿಂಗಸುಗೂರು ಮಾಸ್ತರ

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಪ್ರೌಢಶಾಲೆಯಲ್ಲಿ ದೊಡ್ಡ ಭೌತವಿಜ್ಞಾನಿಗಳ ಬಗ್ಗೆ ಒಂದು ಪ್ರದರ್ಶನ ಮಾಡಬೇಕಾಗಿದೆ. ಪ್ರತಿ ವರ್ಷವೂ ಅದೇ ಕಥೆ. ಥರ್ಮೋಕೋಲ್ ಹಲಗೆಯ ಮೇಲೆ ರಾಮನ್, ಐನ್‌ಸ್ಟೈನ್, ನ್ಯೂಟನ್ ಅವರ ಚಿತ್ರ, ಕೆಳಗೆ ಹುಟ್ಟಿದ ಊರು, ತೀರಿಕೊಂಡ ವರ್ಷ, ಮೇಲೊಂದು ಹಾರ. ಅವರು ಮಾಡಿದ್ದೇನು ಎಂದು ಮಕ್ಕಳನ್ನು ಕೇಳಿದರೆ ಬಾಯಿಪಾಠದ ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು. ಈ ಸಲ ಹಟ್ಟಿ ಗಣಿಯಿಂದಲೇ ಶುರು ಮಾಡಬೇಕೆಂದಿದ್ದೇನೆ. ನಮ್ಮ ಮಕ್ಕಳಲ್ಲಿ ಹಲವರ ಮನೆ ನಡೆಯುವುದೇ ಗಣಿಯಿಂದ.

ಇದಕ್ಕೆ ದಾರಿ ಹಾಕಿಕೊಟ್ಟವಳು ಹತ್ತನೆಯ ತರಗತಿಯ ಒಬ್ಬ ಹುಡುಗಿ. "ಸರ್, ಆವರ್ತ ಕೋಷ್ಟಕದಲ್ಲಿ ಬೆಳ್ಳಿಯ ಕೆಳಗೇ ಬಂಗಾರ ಇದೆ. ಒಂದೇ ಗುಂಪು. ಹಾಗಾದರೆ ಬಂಗಾರವೂ ಬಿಳಿಯಾಗಿಯೇ ಇರಬೇಕಿತ್ತಲ್ಲ?" ಎಂದಳು. ಸಾಪೇಕ್ಷತಾ ಸಿದ್ಧಾಂತವೇ ಇದಕ್ಕೆ ಕಾರಣ ಎಂದು ಎಲ್ಲೋ ಓದಿದ ನೆನಪು. ಅದು ನಿಜವೇ? ನಿಜವಾಗಿದ್ದರೆ ಹತ್ತನೆಯ ತರಗತಿಗೆ ಹೇಗೆ ಹೇಳುವುದು?

ಎಡದಂಡೆ ಕಾಲುವೆ

ನಿಜ ಸರ್. ಸಿಂಧನೂರಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು ನಾನು. ಇಂಥ ಪ್ರಶ್ನೆ ನನ್ನ ತರಗತಿಯಿಂದ ಇನ್ನೂ ಬಂದಿಲ್ಲ. ಆ ಹುಡುಗಿಗೆ ನನ್ನ ಶಹಬಾಸ್ ತಿಳಿಸಿ.

ಬಂಗಾರದ ಪರಮಾಣು ಸಂಖ್ಯೆ 79. ತೀರ ಒಳಗಿನ ಎಲೆಕ್ಟ್ರಾನ್‌ಗಳನ್ನು ಬೀಜಕೇಂದ್ರದ 79 ಪ್ರೋಟಾನ್‌ಗಳು ಒಟ್ಟಾಗಿ ಎಳೆಯುತ್ತವೆ. ಜಲಜನಕದಲ್ಲಿ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ 137ರಲ್ಲಿ ಒಂದು ಪಾಲು. ಬಂಗಾರದ ಒಳ ಎಲೆಕ್ಟ್ರಾನಿಗೆ ಅದು 137ರಲ್ಲಿ 79 ಪಾಲು, ಎಂದರೆ ಸುಮಾರು ಶೇ 58. ಬೆಳ್ಳಿಯ ಸಂಖ್ಯೆ 47, ಹಾಗಾಗಿ ಶೇ 34. ಈ 137ರ ಲೆಕ್ಕವನ್ನು 1916ರಲ್ಲಿ ಭೌತಶಾಸ್ತ್ರಕ್ಕೆ ತಂದವರು ಜರ್ಮನಿಯ ಅರ್ನಾಲ್ಡ್ ಸೊಮ್ಮರ್‌ಫೆಲ್ಡ್. ಅವರ ಚಿತ್ರವನ್ನು ಯಾವ ಶಾಲೆಯೂ ಗೋಡೆಗೆ ಹಾಕುವುದಿಲ್ಲ.

ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ಎಂದರೆ ಅದು 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸಾಪೇಕ್ಷತೆಯ ಸೀಮೆ. ಆ ವೇಗದಲ್ಲಿ ಎಲೆಕ್ಟ್ರಾನಿನ ಸಂವೇಗ ನಾವು ಮಾಮೂಲಾಗಿ ಹಾಕುವ ಲೆಕ್ಕಕ್ಕಿಂತ ಶೇ 22ರಷ್ಟು ಹೆಚ್ಚು. ಪರಿಣಾಮವಾಗಿ ಒಳ ಕಕ್ಷಕ, ಎಂದರೆ ಎಲೆಕ್ಟ್ರಾನ್ ಹರಡಿಕೊಂಡಿರುವ ಜಾಗ, ಐದನೇ ಒಂದು ಪಾಲಿನ ಆಸುಪಾಸು ಕುಗ್ಗುತ್ತದೆ. ಹೊರಗಿರುವ 6ಎಸ್ ಎಲೆಕ್ಟ್ರಾನ್ (6 ಎಂದರೆ ಆರನೆಯ ಕವಚ; ಎಸ್, ಡಿ ಎಂಬವು ಕಕ್ಷಕದ ಬಗೆಗಳು) ಕೂಡ ಆಗಾಗ ಬೀಜಕೇಂದ್ರದ ಸಮೀಪಕ್ಕೆ ಹೋಗಿಬರುವಂಥದ್ದು, ಆದ್ದರಿಂದ ಅದೂ ಕುಗ್ಗಿ ಅದರ ಶಕ್ತಿಮಟ್ಟ ಕೆಳಗಿಳಿಯುತ್ತದೆ. ಎಸ್ ಎಲೆಕ್ಟ್ರಾನ್‌ಗಳು ಹೀಗೆ ಒಳಸರಿದು ಬೀಜಕೇಂದ್ರವನ್ನು ಇನ್ನಷ್ಟು ಮರೆಮಾಡುವುದರಿಂದ 5ಡಿ ಎಲೆಕ್ಟ್ರಾನ್‌ಗಳ ಮೇಲಿನ ಹಿಡಿತ ಸಡಿಲವಾಗುತ್ತದೆ, ಅವುಗಳ ಮಟ್ಟ ಮೇಲೇರುತ್ತದೆ. ಒಂದು ಇಳಿಯಿತು, ಇನ್ನೊಂದು ಏರಿತು. ನಡುವಿನ ಅಂತರ ಸುಮಾರು 2.4 ಎಲೆಕ್ಟ್ರಾನ್ ವೋಲ್ಟಿಗೆ (ಇಷ್ಟು ಚಿಕ್ಕ ಶಕ್ತಿಯನ್ನು ಅಳೆಯುವ ಮಾನ) ಬಂದು ನಿಂತಿತು.

ನೀಲಿ ಬೆಳಕಿನ ಕಣಕ್ಕೆ ಈ ಅಂತರವನ್ನು ದಾಟಿಸುವಷ್ಟು ಶಕ್ತಿ ಇದೆ. ಬಂಗಾರ ನೀಲಿಯನ್ನು ಹೀರಿಕೊಂಡು ಹಳದಿ, ಕೆಂಪುಗಳನ್ನು ಹಿಂದಕ್ಕೆ ಕಳಿಸುತ್ತದೆ. ಬೆಳ್ಳಿಯಲ್ಲಿ ಇದೇ ಅಂತರ ನೇರಳಾತೀತದಷ್ಟು ದೊಡ್ಡದು. ಕಣ್ಣಿಗೆ ಕಾಣುವ ಬಣ್ಣಗಳನ್ನೆಲ್ಲ ಅದು ಹಿಂತಿರುಗಿಸುತ್ತದೆ, ಅದಕ್ಕೇ ಬಿಳಿ. ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಬಂಗಾರವೂ ಬೆಳ್ಳಿಯಂತೆಯೇ ಬರುತ್ತದೆ.

ಬಳ್ಳಾರಿ ಬಿಸಿಲು

ಮೇಡಂ, ಎರಡು ತಕರಾರು ಇವೆ.

ಒಂದು: ಎಲೆಕ್ಟ್ರಾನ್ ಬೀಜಕೇಂದ್ರದ ಸುತ್ತ ಸುತ್ತುವುದಿಲ್ಲ ಎಂದು ನೀವೇ ಪಿಯುನಲ್ಲಿ ಕಲಿಸುತ್ತೀರಿ. ಸುತ್ತದ ವಸ್ತುವಿಗೆ ಶೇ 58 ವೇಗ ಎಲ್ಲಿಂದ ಬಂತು?

ಎರಡು: ತಾಮ್ರವೂ ಅದೇ ಗುಂಪಿನಲ್ಲಿದೆ. ಅದರ ಸಂಖ್ಯೆ ಕೇವಲ 29. ನಿಮ್ಮ ಲೆಕ್ಕದಲ್ಲಿ ಅದರ ವೇಗ ಶೇ 21. ಆದರೂ ಅದು ಕೆಂಪು. ಐನ್‌ಸ್ಟೈನ್ ಇಲ್ಲದೆಯೇ ತಾಮ್ರಕ್ಕೆ ಬಣ್ಣ ಬರುವುದಾದರೆ ಬಂಗಾರಕ್ಕೆ ಮಾತ್ರ ಅವರೇಕೆ ಬೇಕು? ದೊಡ್ಡವರ ಹೆಸರನ್ನು ಎಲ್ಲದಕ್ಕೂ ಅಂಟಿಸುವ ಚಾಳಿ ನಮ್ಮಲ್ಲಿ ಜಾಸ್ತಿ. ಮೊನ್ನೆ ನನ್ನ ಮಾವನವರಿಗೆ ಯಾರೋ 'ಕ್ವಾಂಟಂ ಕಂಕಣ' ಎಂದು ತಾಮ್ರದ ಬಳೆಯೊಂದನ್ನು ಎರಡು ಸಾವಿರಕ್ಕೆ ಮಾರಿ ಹೋಗಿದ್ದಾರೆ. ಮೊಣಕಾಲು ನೋವು ಹಾಗೆಯೇ ಇದೆ.

ಎಡದಂಡೆ ಕಾಲುವೆ

ಎರಡನೆಯ ತಕರಾರು ಗಟ್ಟಿಯಾದದ್ದು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ತಾಮ್ರದಲ್ಲಿ ಡಿ ಎಲೆಕ್ಟ್ರಾನ್‌ಗಳು ಮೂರನೆಯ ಕವಚದವು. ಆ ಕಕ್ಷಕ ಬಹಳ ಇಕ್ಕಟ್ಟಿನದು, ಹತ್ತು ಎಲೆಕ್ಟ್ರಾನ್‌ಗಳು ಅಲ್ಲಿ ಒಂದನ್ನೊಂದು ಜೋರಾಗಿ ದೂಡುತ್ತವೆ. ಆದ್ದರಿಂದ ಅವುಗಳ ಮಟ್ಟ ಮೊದಲೇ ಮೇಲಿದೆ, ಅಂತರ ಮೊದಲೇ ಚಿಕ್ಕದು, ಎರಡು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ತಾಮ್ರದ ಕೆಂಪಿಗೆ ಸಾಪೇಕ್ಷತೆಯ ಹಂಗಿಲ್ಲ. ಬೆಳ್ಳಿಗೆ ಇಳಿದಾಗ ಡಿ ಕಕ್ಷಕ ಹರವಾಗುತ್ತದೆ, ನೂಕಾಟ ಕಡಿಮೆ, ಅಂತರ ದೊಡ್ಡದು, ಬಣ್ಣ ಮಾಯ. ಬಂಗಾರಕ್ಕೆ ಇಳಿದಾಗಲೂ ಬಣ್ಣ ಮಾಯವಾಗಿಯೇ ಇರಬೇಕಿತ್ತು. ಆ ಹುಡುಗಿ ಕೇಳಿದ್ದೂ ಇದನ್ನೇ ಅಲ್ಲವೇ? ಹೋದ ಬಣ್ಣ ಮತ್ತೆ ಬಂದದ್ದು ಹೇಗೆ ಎಂಬುದಕ್ಕೆ ಐನ್‌ಸ್ಟೈನ್ ಬೇಕು.

ಮೊದಲನೆಯ ತಕರಾರಿಗೆ ಹೈಸೆನ್‌ಬರ್ಗ್ ಉತ್ತರ ಕೊಡುತ್ತಾರೆ. 1927ರ ಅನಿಶ್ಚಿತತಾ ತತ್ವದ ಪ್ರಕಾರ ಎಲೆಕ್ಟ್ರಾನನ್ನು ಕಿರಿದಾದ ಜಾಗದಲ್ಲಿ ಕೂಡಿಹಾಕಿದಷ್ಟೂ ಅದರ ಸಂವೇಗದ ಹರವು ಹೆಚ್ಚುತ್ತದೆ. ಸುತ್ತು ಹಾಕಲೇಬೇಕೆಂದಿಲ್ಲ. ಶೇ 58 ಎನ್ನುವುದು ಆ ಹರವಿನಿಂದ ತೆಗೆದ ಸರಾಸರಿ. ಕ್ವಾಂಟಂ ಮತ್ತು ಸಾಪೇಕ್ಷತೆ ಎರಡೂ ಸೇರಿದರೆ ಮಾತ್ರ ಈ ಹಳದಿ. ನಿಮ್ಮ ಮಾವನವರ ಬಳೆಯ ಬಣ್ಣಕ್ಕೆ ಕ್ವಾಂಟಂ ಒಂದೇ ಸಾಕು. ಅಷ್ಟರ ಮಟ್ಟಿಗೆ ಮಾರಿದವನು ಸುಳ್ಳು ಹೇಳಿಲ್ಲ!

ಪತ್ತಾರ ಓಣಿ

ನಾನು ಕೊಪ್ಪಳದ ಅಕ್ಕಸಾಲಿಗ. ನೀವು ಹೇಳುವ ಎಸ್ಸು, ಡಿ ನನಗೆ ತಿಳಿಯದು. ಬಣ್ಣದ ವಿಷಯ ಬಂದಿದ್ದರಿಂದ ಎರಡು ಮಾತು ಬರೆಯುತ್ತೇನೆ.

ನಿಮ್ಮ ಮೈಮೇಲಿರುವುದು 916ರ ಬಂಗಾರ, ಅದರಲ್ಲಿ ತಾಮ್ರ, ಬೆಳ್ಳಿ ಸೇರಿರುತ್ತವೆ. ತಾಮ್ರ ಹೆಚ್ಚಾದರೆ ಕೆಂಪು ತಿರುಗುತ್ತದೆ, ಬೆಳ್ಳಿ ಹೆಚ್ಚಾದರೆ ಹಸಿರು ಛಾಯೆ ಬಂದು ಪೇಲವವಾಗುತ್ತದೆ. ಒರೆಗಲ್ಲಿನ ಮೇಲೆ ಒಂದು ಗೀರು ಎಳೆದರೆ ಸಾಕು, ಪಕ್ಕದಲ್ಲಿ ಮಚ್ಚದ ಕಡ್ಡಿಯ (ಶುದ್ಧತೆ ಗೊತ್ತಿರುವ ಮಾದರಿ ಬಂಗಾರ) ಗೀರು ಎಳೆದು ಹೋಲಿಸಿ ನೋಡುತ್ತೇವೆ. ಅನುಮಾನವಿದ್ದರೆ ನೈಟ್ರಿಕ್ ಆಮ್ಲ ಮುಟ್ಟಿಸುತ್ತೇವೆ. ತಾಮ್ರ, ಬೆಳ್ಳಿಯ ಗೀರು ಅಳಿಸಿಹೋಗುತ್ತದೆ, ಬಂಗಾರದ್ದು ಉಳಿಯುತ್ತದೆ.

ನನಗೆ ಒಂದು ಸಂಶಯ ಮೊದಲಿನಿಂದಲೂ ಇದೆ. ದೇವಸ್ಥಾನದ ಕೆಲಸಕ್ಕೆ ಬಂಗಾರದ ರೇಕು ತರಿಸುತ್ತೇವೆ. ಅದನ್ನು ಬಿಸಿಲಿಗೆ ಹಿಡಿದು ಅದರ ಮೂಲಕ ನೋಡಿದರೆ ಬೆಳಕು ಹಸಿರಾಗಿ ಕಾಣುತ್ತದೆ. ಮೇಲಿನಿಂದ ನೋಡಿದರೆ ಅಪ್ಪಟ ಹಳದಿ. ಬೆರಕೆ ಇರಬಹುದೆಂದು ಒರೆ ಹಚ್ಚಿಯೂ ನೋಡಿದ್ದೇನೆ, ಶುದ್ಧವೇ ಇತ್ತು. ಇದೇನು?

ಎಡದಂಡೆ ಕಾಲುವೆ

ಯಜಮಾನರೇ, ಇದೇ ಹಸಿರನ್ನು ಲಂಡನ್ನಿನಲ್ಲಿ ಮೈಕಲ್ ಫ್ಯಾರಡೆ ನೋಡುತ್ತಾ ಕುಳಿತಿದ್ದರು. ಬಂಗಾರದ ರೇಕಿನ ಮೇಲೂ ನೀರಿನಲ್ಲಿ ತೇಲುವ ಬಂಗಾರದ ಅತಿಸೂಕ್ಷ್ಮ ಕಣಗಳ ಮೇಲೂ ಅವರು ಮಾಡಿದ ಕೆಲಸ 1857ರಲ್ಲಿ ಪ್ರಕಟವಾಯಿತು. ರೇಕು ಬೆಳಕನ್ನು ಪೂರ್ತಿ ತಡೆಯಲಾರದಷ್ಟು ತೆಳು. ಹಳದಿ, ಕೆಂಪು ಹೆಚ್ಚಾಗಿ ಹಿಂದಕ್ಕೆ ಚಿಮ್ಮುತ್ತವೆ, ನೀಲಿಯನ್ನು ಲೋಹ ಹೀರುತ್ತದೆ. ನಡುವೆ ತಪ್ಪಿಸಿಕೊಂಡು ಆಚೆ ಬರುವುದು ಹಸಿರು.

ಬಂಗಾರವನ್ನು ಅಷ್ಟು ತೆಳ್ಳಗೆ ಬಡಿಯಬಹುದೆಂಬ ಕಾರಣಕ್ಕೇ ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಅದರ ಮೇಲೆ ಆಲ್ಫಾ ಕಣಗಳನ್ನು ಬಿಟ್ಟರು. ಕೆಲವು ಕಣ ಬಂದ ದಾರಿಯಲ್ಲೇ ಹಿಂದಿರುಗಿದವು. ಪರಮಾಣುವಿಗೆ ಬೀಜಕೇಂದ್ರವಿದೆ ಎಂದು 1911ರಲ್ಲಿ ಗೊತ್ತಾದದ್ದು ಹೀಗೆ. ಮಾಸ್ತರರೇ, ನಿಮ್ಮ ಪ್ರದರ್ಶನಕ್ಕೆ ರೇಕಿನ ಒಂದು ತುಂಡು ಸಿಕ್ಕರೆ ಫ್ಯಾರಡೆ, ರುದರ್‌ಫೋರ್ಡ್, ಐನ್‌ಸ್ಟೈನ್ ಮೂವರೂ ಅದರಲ್ಲೇ ಇದ್ದಾರೆ.

ಲಿಂಗಸುಗೂರು ಮಾಸ್ತರ

ಇಷ್ಟು ಚೆನ್ನಾದ ವಿಷಯ ಪಠ್ಯಪುಸ್ತಕದಲ್ಲಿ ಏಕಿಲ್ಲ? ಸಾಪೇಕ್ಷತೆಗೆ ನೂರು ವರ್ಷ ದಾಟಿತು. ಮಕ್ಕಳಿಗೆ ಇಂದಿಗೂ ಅದು ರಾಕೆಟ್ಟಿನಲ್ಲಿ ಹೋದ ಅಣ್ಣ, ಭೂಮಿಯಲ್ಲಿ ಮುದುಕನಾದ ತಮ್ಮ ಎಂಬ ಕಥೆ ಮಾತ್ರ.

ಬಳ್ಳಾರಿ ಬಿಸಿಲು

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಏಕೆಂದರೆ ಇದು ನನ್ನ ಇಷ್ಟದ ಕಥೆ. ಬೇಡ ಎಂದವರು ಸಾಕ್ಷಾತ್ ಪಾಲ್ ಡಿರಾಕ್.

ಕ್ವಾಂಟಂ ಸಿದ್ಧಾಂತವನ್ನೂ ಸಾಪೇಕ್ಷತೆಯನ್ನೂ ಎಲೆಕ್ಟ್ರಾನಿನ ಮಟ್ಟಿಗೆ ಒಂದೇ ಸಮೀಕರಣದಲ್ಲಿ ಕೂಡಿಸಿದವರು ಅವರು, 1928ರಲ್ಲಿ. ಆ ಸಮೀಕರಣ ಎಷ್ಟು ಗಟ್ಟಿ ಎಂದರೆ, ಯಾರೂ ಕಂಡಿರದ ಪಾಸಿಟ್ರಾನ್ (ಧನ ವಿದ್ಯುದಂಶವಿರುವ ಎಲೆಕ್ಟ್ರಾನ್) ಇರಬೇಕೆಂದು ಅದರಿಂದಲೇ ಗೊತ್ತಾಗಿ, 1932ರಲ್ಲಿ ಕಾರ್ಲ್ ಆಂಡರ್ಸನ್ ಅದನ್ನು ಕಂಡೂ ಬಿಟ್ಟರು. ಇಂಥ ಡಿರಾಕ್ 1929ರಲ್ಲಿ ಬರೆದ ಪ್ರಬಂಧದ ಮೊದಲಲ್ಲೇ, ಸಾಪೇಕ್ಷತೆ ತೊಡಕಾಗುವುದು ಅತಿ ವೇಗದ ಕಣಗಳಿರುವ ಕಡೆ ಮಾತ್ರ, ಪರಮಾಣು ರಚನೆಗೂ ಸಾಮಾನ್ಯ ರಾಸಾಯನಿಕ ಕ್ರಿಯೆಗಳಿಗೂ ಅದರಿಂದ ಏನೂ ಆಗಬೇಕಾದ್ದಿಲ್ಲ ಎಂಬರ್ಥದ ಮಾತು ಬರೆದರು. ಅವರ ಬೆರಳಿನಲ್ಲಿ ಉಂಗುರವಿತ್ತೋ ಇಲ್ಲವೋ, ಬಂಗಾರವನ್ನಂತೂ ನೋಡಿಯೇ ಇದ್ದರಲ್ಲ!

ಅಷ್ಟು ದೊಡ್ಡವರು ಹೇಳಿದ ಮೇಲೆ ರಸಾಯನಶಾಸ್ತ್ರದವರು ದಶಕಗಳ ಕಾಲ ಅತ್ತ ಹೆಚ್ಚು ತಲೆಹಾಕಲಿಲ್ಲ. 1935ರಲ್ಲಿ ಬರ್ತಾ ಸ್ವಿರ್ಲ್ಸ್ ಎಂಬ ಇಂಗ್ಲೆಂಡಿನ ಗಣಿತಜ್ಞೆ, ಹಲವು ಎಲೆಕ್ಟ್ರಾನ್‌ಗಳಿರುವ ಪರಮಾಣುವಿಗೆ ಡಿರಾಕ್ ಸಮೀಕರಣವನ್ನು ಹೇಗೆ ಅನ್ವಯಿಸಬೇಕೆಂದು ತೋರಿಸಿಕೊಟ್ಟಿದ್ದರು. ಆದರೆ ಅದನ್ನು ಭಾರವಾದ ಧಾತುಗಳಿಗೆ ಹಚ್ಚಿ ಮುಗಿಸಲು ಗಣಕಯಂತ್ರ ಬೇಕಿತ್ತು. 1970ರ ದಶಕದಲ್ಲಿ ಫಿನ್ಲೆಂಡಿನ ಪೆಕ್ಕಾ ಪ್ಯೂಕ್ಕೊ ಮತ್ತು ಇತರರು ಲೆಕ್ಕ ಹಾಕತೊಡಗಿದ ಮೇಲೆ ಇದು ಎಲ್ಲರ ಗಮನಕ್ಕೆ ಬಂತು. ಮಾಸ್ತರರೇ, ಹಾರ ಹಾಕುವುದಾದರೆ ಸ್ವಿರ್ಲ್ಸ್ ಅವರಿಗೂ ಒಂದು ಹಾಕಿ.

ತೋರಣಗಲ್ಲು ಪಾಳಿ

ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದೇನೆ. ನಮ್ಮದು ಕಬ್ಬಿಣದ ಸೀಮೆ. ಸಂಡೂರಿನ ಗುಡ್ಡವನ್ನು ಎಲ್ಲಿ ಅಗೆದರೂ ಕೆಂಪು ಅದಿರು, ಲಾರಿಗಟ್ಟಲೆ. ಹಟ್ಟಿಯಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿದರೆ ಕೆಲವೇ ಗ್ರಾಂ. ನಡುವೆ ನೂರೈವತ್ತು ಕಿಲೋಮೀಟರ್ ಆಚೀಚೆ ಇರಬಹುದು. ಇಷ್ಟೊಂದು ತಾರತಮ್ಯ ಏಕೆ? ಈ ಪ್ರಶ್ನೆಗೂ ನಿಮ್ಮ ವಿಜ್ಞಾನಿಗಳಲ್ಲಿ ಉತ್ತರವಿದೆಯೇ?

ಎಡದಂಡೆ ಕಾಲುವೆ

ಇದೆ ಅಣ್ಣ. ನೆಲದೊಳಗೆ ಅದಿರು ಒಂದೆಡೆ ಸೇರಿದ್ದು ಭೂವಿಜ್ಞಾನದ ಕಥೆ, ಅದು ಬೇರೆ. ಆದರೆ ಜಗತ್ತಿನಲ್ಲೇ ಕಬ್ಬಿಣ ಹೇರಳ, ಬಂಗಾರ ವಿರಳ ಎಂಬುದಕ್ಕೆ ನಕ್ಷತ್ರಗಳು ಕಾರಣ.

ನಕ್ಷತ್ರದ ಒಡಲಿನಲ್ಲಿ ಹಗುರ ಬೀಜಕೇಂದ್ರಗಳು ಕೂಡಿ ಭಾರವಾದವು ಆಗುತ್ತವೆ, ಪ್ರತಿ ಸಲವೂ ಶಕ್ತಿ ಹೊರಬರುತ್ತದೆ. ಕಬ್ಬಿಣದ ಹತ್ತಿರ ಬಂದ ಮೇಲೆ ಲಾಭ ನಿಂತುಹೋಗುತ್ತದೆ, ಮುಂದೆ ಕೂಡಿಸಲು ಕೈಯಿಂದಲೇ ಶಕ್ತಿ ಹಾಕಬೇಕು. ಹಾಗಾಗಿ ದೊಡ್ಡ ನಕ್ಷತ್ರಗಳ ಗರ್ಭದಲ್ಲಿ ಕೊನೆಗೆ ತುಂಬಿಕೊಳ್ಳುವುದು ಕಬ್ಬಿಣ. ಅದರಾಚೆಯ ಬಂಗಾರಕ್ಕೆ ಬೇರೆಯದೇ ದಾರಿ ಬೇಕು: ನ್ಯೂಟ್ರಾನ್‌ಗಳ ಸುರಿಮಳೆ. ಬೀಜಕೇಂದ್ರ ಒಂದು ನ್ಯೂಟ್ರಾನನ್ನು ಅರಗಿಸಿಕೊಳ್ಳುವ ಮೊದಲೇ ಇನ್ನಷ್ಟು ಬಂದು ಬೀಳಬೇಕು. ಇದನ್ನು 1957ರಲ್ಲಿ ವಿವರವಾಗಿ ಬರೆದವರು ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್, ಫ್ರೆಡ್ ಹಾಯ್ಲ್.

ಇಲ್ಲಿಂದ ನಮ್ಮ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಬರುತ್ತಾರೆ. 1930ರಲ್ಲಿ, 19ರ ವಯಸ್ಸಿನಲ್ಲಿ, ಮುಂಬೈಯಿಂದ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಅವರು ಮಾಡಿದ್ದೂ ಇದೇ ಜೋಡಣೆ. ಸತ್ತ ನಕ್ಷತ್ರದೊಳಗೆ ಒತ್ತರಿಸಿದ ಎಲೆಕ್ಟ್ರಾನ್‌ಗಳು ಬೆಳಕಿನ ವೇಗವನ್ನು ಸಮೀಪಿಸುತ್ತವೆ, ಆದ್ದರಿಂದ ಕ್ವಾಂಟಂ ಲೆಕ್ಕದ ಜೊತೆ ಸಾಪೇಕ್ಷತೆಯನ್ನೂ ಸೇರಿಸಬೇಕು ಎಂದರು. ಸೇರಿಸಿದಾಗ ಶ್ವೇತಕುಬ್ಜ ಎನ್ನುವ ಅಂಥ ಸತ್ತ ನಕ್ಷತ್ರಕ್ಕೆ ಒಂದು ತೂಕದ ಮಿತಿ ಬಂತು, ಇಂದಿನ ಲೆಕ್ಕದಲ್ಲಿ ಸೂರ್ಯನ ಸುಮಾರು 1.4 ಪಟ್ಟು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಆಗಿನ ಹೆಸರಾಂತ ಖಗೋಳವಿಜ್ಞಾನಿ ಎಡಿಂಗ್ಟನ್ ಅವರು ಇದನ್ನು ಎಲ್ಲರೆದುರು ಗೇಲಿ ಮಾಡಿದರು. ಆದರೆ ದೊಡ್ಡ ನಕ್ಷತ್ರದ ಕಬ್ಬಿಣದ ಗರ್ಭ ಅಂಥ ಮಿತಿಯನ್ನು ದಾಟಿದಾಗಲೇ ಕುಸಿದು ನ್ಯೂಟ್ರಾನ್ ನಕ್ಷತ್ರವಾಗುವುದು. ಅಂಥ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದರೆ ಬಂಗಾರಕ್ಕೆ ಬೇಕಾದ ನ್ಯೂಟ್ರಾನ್ ಮಳೆ ಸಿಗುತ್ತದೆ. 2017ರ ಆಗಸ್ಟ್ 17ರಂದು ಅಂಥ ಡಿಕ್ಕಿಯ ಗುರುತ್ವ ಅಲೆಯನ್ನು (ದೇಶ-ಕಾಲದಲ್ಲೇ ಏಳುವ ಕಂಪನ) ಹಿಡಿದರು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ್ದು. 1.7 ಸೆಕೆಂಡಿನ ನಂತರ ಗಾಮಾ ಕಿರಣಗಳೂ ಬಂದವು.

ಚಂದ್ರಶೇಖರ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ. ಅದನ್ನು ಅವರ ಜೊತೆ ಹಂಚಿಕೊಂಡವರು ಅದೇ ಫೌಲರ್.

ಬಳ್ಳಾರಿ ಬಿಸಿಲು

ಒಂದು ಎಚ್ಚರಿಕೆ ಸೇರಿಸಿ. ಆ ಡಿಕ್ಕಿಯ ಬೆಳಕಿನಲ್ಲಿ ಬಂಗಾರದ ಗೆರೆಯನ್ನು (ರೋಹಿತದಲ್ಲಿ ಪ್ರತಿ ಧಾತು ಬಿಡುವ ಗುರುತು) ಬೇರ್ಪಡಿಸಿ ಗುರುತಿಸಿಲ್ಲ. 2019ರಲ್ಲಿ ಸ್ಪಷ್ಟವಾಗಿ ಗುರುತಿಸಿದ್ದು ಸ್ಟ್ರಾಂಷಿಯಂ ಎಂಬ ಧಾತುವನ್ನು. ಭಾರವಾದ ಧಾತುಗಳು ಅಲ್ಲಿ ಹುಟ್ಟಿದವು ಎಂಬುದು ಬೆಳಕು ಮಂಕಾದ ರೀತಿಯಿಂದ ಕಟ್ಟಿದ ತೀರ್ಮಾನ. ಹಟ್ಟಿಯ ಬಂಗಾರವೆಲ್ಲ ಇಂಥ ಡಿಕ್ಕಿಯದೇ ಎಂದು ಹಲಗೆಯ ಮೇಲೆ ಬರೆಯಬೇಡಿ. ಬೇರೆ ಬಗೆಯ ಸ್ಫೋಟಗಳ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ.

ಮಸ್ಕಿ ಬಂಡೆ

ನಮ್ಮೂರನ್ನು ಮರೆತಿದ್ದೀರಿ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್ ಎಂಬ ಎಂಜಿನಿಯರ್. ಅವರು ಬಂದದ್ದು ಬಂಗಾರ ಹುಡುಕಲು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ಅದೇ 1915ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳನ್ನು ಮಂಡಿಸಿದರು. ಎರಡನ್ನೂ ಒಂದೇ ಹಲಗೆಯಲ್ಲಿ ಹಾಕಬಹುದು.

ಬಳ್ಳಾರಿ ಬಿಸಿಲು

ಇಸವಿ ಒಂದೇ ಎಂಬುದನ್ನು ಬಿಟ್ಟರೆ ಎರಡಕ್ಕೂ ಏನು ಸಂಬಂಧ? ಬಂಗಾರದ ಬಣ್ಣಕ್ಕೆ ಬೇಕಾದದ್ದು 1905ರ ಸಾಪೇಕ್ಷತೆ, 1915ರದ್ದಲ್ಲ. ಮಕ್ಕಳನ್ನು ಗೊಂದಲಕ್ಕೆ ಹಾಕಬೇಡಿ.

ಮಸ್ಕಿ ಬಂಡೆ

ಗುರುತ್ವ ಅಲೆಗೆ ಬೇಕಾದದ್ದು 1915ರದ್ದೇ ಅಲ್ಲವೇ ಸ್ವಾಮಿ? ಅದಿಲ್ಲದೆ 2017ರ ಡಿಕ್ಕಿಯನ್ನು ಯಾರು ಹಿಡಿಯುತ್ತಿದ್ದರು? ಹಲಗೆ ನಾನೇ ಮಾಡಿಕೊಡುತ್ತೇನೆ, ಮಾಸ್ತರರು ಜಾಗ ಕೊಟ್ಟರೆ ಸಾಕು.

ತೋರಣಗಲ್ಲು ಪಾಳಿ

ಮಸ್ಕಿಯವರಿಗೆ ಒಂದು ಅಂಕ. ಗಣಿಯ ಮಾತು ಬಂದಿದ್ದರಿಂದ ಕೇಳುತ್ತೇನೆ, ಕೋಲಾರದ ಗಣಿಯೊಳಗೆ ಹಿಂದೆ ಏನೋ ಪ್ರಯೋಗ ನಡೆದಿತ್ತಂತೆ?

ಎಡದಂಡೆ ಕಾಲುವೆ

ಹೌದು. 1965ರಲ್ಲಿ ಕೆಜಿಎಫ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ (ಕಲ್ಲನ್ನೂ ತೂರಿ ಹೋಗುವ ಅತಿ ಹಗುರ ಕಣಗಳು) ಗುರುತು ಸಿಕ್ಕಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ತಂಡಗಳು ಸೇರಿ ಮಾಡಿದ ಕೆಲಸ. ಮೇಲಿನ ಕಲ್ಲು ಬೇರೆ ಕಣಗಳನ್ನೆಲ್ಲ ತಡೆಯುತ್ತದೆ ಎಂಬುದಕ್ಕೇ ಅಷ್ಟು ಆಳ. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲೂ ಇದನ್ನು ಕಂಡರು, ಅದೂ ಬಂಗಾರದ ಗಣಿಯಲ್ಲೇ.

ಲಿಂಗಸುಗೂರು ಮಾಸ್ತರ

ಸಾಮಗ್ರಿ ಬೇಕಾದಷ್ಟಾಯಿತು. ಒಂದು ಕೊರತೆ ಉಳಿದಿದೆ. ನಮ್ಮಲ್ಲಿ ಅನೇಕ ಮಕ್ಕಳ ಮನೆಯಲ್ಲಿ ಬಂಗಾರ ಎಂದರೆ ಅವ್ವನ ತಾಳಿಯ ಎರಡು ಗುಂಡು, ಅದೂ ಕೆಲವೊಮ್ಮೆ ಒತ್ತೆಯಲ್ಲಿರುತ್ತದೆ. ಬಂಗಾರವಲ್ಲದೆ ದಿನವೂ ಕೈಗೆ ಸಿಗುವ ವಸ್ತುವಿನಲ್ಲಿ ಸಾಪೇಕ್ಷತೆಯನ್ನು ತೋರಿಸಲು ಬರುತ್ತದೆಯೇ?

ಎಡದಂಡೆ ಕಾಲುವೆ

ಬರುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿ ತನ್ನಿ.

ಸೀಸದ ಪರಮಾಣು ಸಂಖ್ಯೆ 82. ಅದರಲ್ಲೂ 6ಎಸ್ ಎಲೆಕ್ಟ್ರಾನ್‌ಗಳು ಬಂಗಾರದಲ್ಲಿ ಕುಗ್ಗಿದಂತೆಯೇ ಕುಗ್ಗಿವೆ. ಸೀಸ-ಆಮ್ಲ ಬ್ಯಾಟರಿಯ ಒಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಅದರಲ್ಲಿ 1.7ರಿಂದ 1.8 ವೋಲ್ಟ್ ಬರುವುದು ಸಾಪೇಕ್ಷತೆಯಿಂದಲೇ ಎಂದು 2011ರಲ್ಲಿ ಸ್ವೀಡನ್ನಿನ ಉಪ್ಸಲಾದ ರಾಜೀವ್ ಅಹುಜಾ, ಮೇಲೆ ಹೇಳಿದ ಪ್ಯೂಕ್ಕೊ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಆರು ಕೋಶದ ಬ್ಯಾಟರಿಯಲ್ಲಿ ಹತ್ತು ವೋಲ್ಟಿಗೂ ಹೆಚ್ಚು. ಅದೇ ಗುಂಪಿನಲ್ಲಿ ಮೇಲಿರುವ ತವರವನ್ನು ಹಾಕಿ ಇಂಥ ಬ್ಯಾಟರಿ ಮಾಡಲು ಏಕೆ ಆಗುವುದಿಲ್ಲ ಎಂಬುದಕ್ಕೂ ಇದೇ ಉತ್ತರ. ಮಲ್ಟಿಮೀಟರ್ ಹಚ್ಚಿ ಮಕ್ಕಳಿಂದಲೇ ಓದಿಸಿ.

ಪಾದರಸ ಇನ್ನೊಂದು, ಸಂಖ್ಯೆ 80. ಅದು ದ್ರವವಾಗಿರುವುದೂ ಸಾಪೇಕ್ಷತೆಯಿಂದ. 2013ರಲ್ಲಿ ನ್ಯೂಜಿಲೆಂಡಿನ ಪೀಟರ್ ಶ್ವೆರ್ಟ್‌ಫೆಗರ್ ಮತ್ತು ಸಂಗಡಿಗರು ಹಾಕಿದ ಲೆಕ್ಕದಂತೆ, ಸಾಪೇಕ್ಷತೆ ಇಲ್ಲದಿದ್ದರೆ ಪಾದರಸ ಕರಗುವ ಉಷ್ಣತೆ ಈಗಿರುವುದಕ್ಕಿಂತ 105 ಡಿಗ್ರಿಯಷ್ಟು ಹೆಚ್ಚಿರುತ್ತಿತ್ತು. ಆಗ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲೂ ಅದು ಗಟ್ಟಿಯಾಗಿಯೇ ಕುಳಿತಿರುತ್ತಿತ್ತು. ಆದರೆ ಪಾದರಸವನ್ನು ಮಕ್ಕಳ ಕೈಗೆ ಕೊಡಬೇಡಿ, ವಿಷ. ಹಳೆಯ ಥರ್ಮಾಮೀಟರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದರೆ ಸಾಕು.

ಬಳ್ಳಾರಿ ಬಿಸಿಲು

ಬ್ಯಾಟರಿಯ ವಿಷಯದಲ್ಲಿ ತಕರಾರಿಲ್ಲ. ಆಮ್ಲ ಚೆಲ್ಲದ ಹಾಗೆ ಮೇಜಿನ ನಡುವೆ ಇಡಿ.

ಪತ್ತಾರ ಓಣಿ

ಮಾಸ್ತರರೇ, ರೇಕು ನಾನು ತಂದುಕೊಡುತ್ತೇನೆ, ಹಣದ ಮಾತು ಬೇಡ. ಮೂರು ಕಟ್ಟಳೆ ಮಾತ್ರ. ಆ ಕೋಣೆಯಲ್ಲಿ ಫ್ಯಾನ್ ಹಾಕಬಾರದು. ಯಾರೂ ಕೈಯಿಂದ ಮುಟ್ಟಬಾರದು, ಬೆರಳಿಗೆ ಅಂಟಿದರೆ ಹೋಯಿತು. ಎರಡು ಗಾಜಿನ ನಡುವೆ ನಾನೇ ಇಟ್ಟುಕೊಡುತ್ತೇನೆ, ಕಿಟಕಿಗೆ ಹಿಡಿದು ನೋಡಲಿ. ಮೊದಲು ಆ ಹುಡುಗಿಗೆ ಕೊಡಿ. ಗಾಜಿನ ಅಳತೆ ಎಷ್ಟಿರಬೇಕೆಂದು ಇವತ್ತೇ ತಿಳಿಸಿ, ಸೋಮವಾರ ನಮ್ಮ ಓಣಿಯ ಗಾಜಿನ ಅಂಗಡಿಗೆ ರಜೆ.